ಗಾಫ್ ಮರದ ಮೂಲೆಯ ಕಲ್ಲು

ನಮ್ಮ ಮನೆಗೆ ನಂಬರ್ ಇರಲಿಲ್ಲ. ಬೀದಿಗೆ ಹೆಸರೂ ಇರಲಿಲ್ಲ, ಯಾಕೆಂದರೆ ಬೀದಿಯೇ ಇರಲಿಲ್ಲ. ಯಾರಾದರೂ ಬರುತ್ತೇವೆಂದರೆ ಅಪ್ಪ ಫೋನಿನಲ್ಲಿ ಒಂದೇ ರಾಗದಲ್ಲಿ ದಾರಿ ಹೇಳುತ್ತಿದ್ದರು: ಅಲ್ ಐನ್ ಊರು ದಾಟಿ ಬೆಟ್ಟದ ಕಡೆಗೆ ಬರಬೇಕು, ಡಾಂಬರು ಮುಗಿದ ಮೇಲೂ ಬರಬೇಕು, ಅಬೂ ಮತರ್ ಅವರ ಮಜ್ರಾ ಯಾವುದೆಂದು ಕೇಳಬೇಕು, ಆ ತೋಟದ ಕೊನೆಯ ಮೂಲೆಯಲ್ಲಿ ದೊಡ್ಡದೊಂದು ಗಾಫ್ ಮರ ಕಾಣುತ್ತದೆ, ಅದರ ಪಕ್ಕದಲ್ಲಿ ನಾವಿರುತ್ತೇವೆ. ಬರ್ ದುಬೈಯಲ್ಲಿದ್ದ ಅಪ್ಪನ ಚಿಕ್ಕಪ್ಪನ ಮಗ ಒಮ್ಮೆ ಬಂದವರು ಖರ್ಜೂರದ ಮರಗಳ ನಡುವೆ ಕಾರು ನಿಲ್ಲಿಸಿ, ಆಡುಗಳನ್ನು ದಾಟಿ, ಷೂಗೆ ಹತ್ತಿದ್ದನ್ನು ಮೆಟ್ಟಿಲಿಗೆ ಉಜ್ಜುತ್ತಾ ಒಳಗೆ ಬಂದರು. ಜನ ಗಲ್ಫಿಗೆ ಬಂದು ಬಂಗಲೆ ಕಟ್ಟುತ್ತಾರೆ, ನೀನು ಬಂದು ಆಡಿನ ಹಟ್ಟಿಯಲ್ಲಿ ಕೂತಿದ್ದೀಯಲ್ಲ ಮಾರಾಯ ಎಂದು ನಕ್ಕರು. ಅಮ್ಮ ಅವರಿಗೆ ಎರಡನೆಯ ಸಲ ಚಹಾ ಕೊಡಲಿಲ್ಲ.

ಹಟ್ಟಿ ಎಂದದ್ದು ಪೂರ್ತಿ ಸುಳ್ಳೂ ಅಲ್ಲ. ಹಿಂದೆ ಬಾವಿಯ ಪಂಪು ನೋಡಿಕೊಳ್ಳುವವನಿಗೆಂದು ಕಟ್ಟಿದ ಎರಡು ಕೋಣೆ, ಒಂದು ಅಡುಗೆಮನೆ, ತಗಡಿನ ಚಾವಡಿ. ಕಿಟಕಿಗೆ ಸಿಕ್ಕಿಸಿದ ಎಸಿ ಲಾರಿಯಂತೆ ಸದ್ದು ಮಾಡುತ್ತಿತ್ತು, ಕೆಳಗಿಟ್ಟ ಬಕೆಟಿಗೆ ನೀರು ತೊಟ್ಟಿಕ್ಕುತ್ತಿತ್ತು, ಆ ನೀರನ್ನು ಅಮ್ಮ ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದಳು. ಅಪ್ಪ ಅಲ್ ಐನ್ ಊರಿನ ಒಂದು ಆಸ್ಪತ್ರೆಯ ಔಷಧದ ಸ್ಟೋರಿನಲ್ಲಿದ್ದರು. ಅಬೂ ಮತರ್ ಅವರ ಹೆಂಡತಿ ಅಲ್ಲಿ ಬಹಳ ದಿನ ಮಲಗಿದ್ದಾಗ ಮುದುಕರಿಗೂ ಅಪ್ಪನಿಗೂ ಹಿಂದಿಯಲ್ಲಿ ಸ್ನೇಹವಾಗಿತ್ತು. ಅವರು ಹರೆಯದಲ್ಲಿ ಹಾಯಿಹಡಗಿನಲ್ಲಿ ಬೊಂಬಾಯಿಗೆ ಹೋಗಿ ಬಂದವರು, ಅಲ್ಲಿನ ಬಂದರಿನ ಹಿಂದಿಯನ್ನು ಬಿಟ್ಟುಕೊಡದೆ ಇಟ್ಟುಕೊಂಡಿದ್ದರು. ಮೂಲೆಯ ಮನೆ ಖಾಲಿ ಉಂಟು, ಬ್ಯಾಚುಲರ್‌ಗಳಿಗೆ ಕೊಡುವುದಿಲ್ಲ, ಹೆಂಡತಿ ಮಗುವನ್ನು ಕರೆಸಿಕೊಂಡರೆ ನಿನಗೇ ಎಂದಿದ್ದರಂತೆ. ಹಾಗೆ ನಾನೂ ಅಮ್ಮನೂ ಉಡುಪಿಯ ಪಕ್ಕದ ನಮ್ಮ ಊರಿನಿಂದ, ನೀರುದೋಸೆಯ ಕಾವಲಿಯನ್ನು ಸೀರೆಗಳ ನಡುವೆ ಸುತ್ತಿಕೊಂಡು, ಈ ಮರಳಿನ ಮೂಲೆಗೆ ಬಂದಿಳಿದೆವು.

ಅಬೂ ಮತರ್ ಎಂದರೆ ಮತರನ ಅಪ್ಪ. ಅಲ್ಲಿ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಹಿರಿಯ ಮಗುವಿನ ಹೆಸರಿನಿಂದ ಕರೆಯುತ್ತಾರೆ. ಅವರ ಹಿರಿಮಗ ಮಳೆ ಬಂದ ದಿನ ಹುಟ್ಟಿದ್ದನಂತೆ, ಹಾಗಾಗಿ ಮಳೆ ಎಂಬ ಅರ್ಥದ ಮತರ್ ಎಂಬ ಹೆಸರು. ಅವರ ಹೆಂಡತಿ ಉಮ್ ಮತರ್, ಅಂದರೆ ಮತರನ ಅಮ್ಮ. ನಾನು ಶೈಲಾ, ಹಾಗಾಗಿ ನಮ್ಮಮ್ಮ ಬಂದ ದಿನದಿಂದಲೇ ಉಮ್ ಶೈಲಾ ಆಗಿಬಿಟ್ಟಳು. ಊರಿನಲ್ಲಿ ಅತ್ತೆಯ ಬಾಯಲ್ಲಿ ಬರೀ ‘ಏಯ್’ ಆಗಿದ್ದವಳಿಗೆ ಈ ಹೆಸರು ಎಷ್ಟು ಹಿಡಿಸಿತೆಂದರೆ, ಅಪ್ಪ ಸಿಟ್ಟಿನಲ್ಲಿದ್ದಾಗಲೂ ಉಮ್ ಶೈಲಾ ಎಂದು ಕರೆದರೆ ತಿರುಗಿ ನೋಡುತ್ತಿದ್ದಳು. ಉಮ್ ಮತರ್‌ಗೆ ಹಿಂದಿ ಬಾರದು, ಅಮ್ಮನಿಗೆ ಅರಬ್ಬಿ ಬಾರದು. ಇಬ್ಬರೂ ದಿನಾ ಮಧ್ಯಾಹ್ನ ಒಟ್ಟಿಗೆ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಒಬ್ಬರ ಕೈಯಲ್ಲಿ ಸುಲಿಯುವ ಬಟಾಣಿ, ಇನ್ನೊಬ್ಬರ ಕೈಯಲ್ಲಿ ಬೀಜ ತೆಗೆಯುವ ಖರ್ಜೂರ. ಬೆಳಿಗ್ಗೆ ನಮ್ಮ ಕಡೆಯಿಂದ ನೀರುದೋಸೆ ಮತ್ತು ತೆಂಗಿನಕಾಯಿ ಬೆಲ್ಲ ಹೋದರೆ, ಅದೇ ತಟ್ಟೆಯಲ್ಲಿ ಆ ಕಡೆಯಿಂದ ಬಲಾಲೀತ್ ಬರುತ್ತಿತ್ತು, ಸಿಹಿ ಶಾವಿಗೆಯ ಮೇಲೆ ಮೊಟ್ಟೆಯ ಹೊದಿಕೆ. ಮೊಟ್ಟೆಯನ್ನು ಅಪ್ಪ ತಿನ್ನುತ್ತಿದ್ದರು, ಶಾವಿಗೆ ನನಗೆ, ಏಲಕ್ಕಿಯ ವಾಸನೆ ಅಮ್ಮನಿಗೆ. ತಟ್ಟೆ ಯಾರ ಮನೆಯದು ಎಂಬುದು ವರ್ಷ ತುಂಬುವುದರೊಳಗೆ ಯಾರಿಗೂ ನೆನಪಿರಲಿಲ್ಲ.

ಆದರೆ ಬಂದ ವಾರವೇ ಅಮ್ಮನಿಗೆ ಒಂದು ಚಿಂತೆ ಹತ್ತಿಕೊಂಡಿತ್ತು. ಮೆಟ್ಟಿಲ ಪಕ್ಕದ ಮರಳಿನಲ್ಲಿ ಹಾವು ಹರಿದ ಗುರುತು ಕಂಡಿದ್ದಳು. ನಮ್ಮ ಕಡೆಯವರಿಗೆ ಹಾವು ಬರೀ ಹಾವಲ್ಲ. ಯಾವ ಜಾಗವೇ ಇರಲಿ, ನಮಗಿಂತ ಮೊದಲು ಅಲ್ಲಿ ಒಬ್ಬ ನಾಗ ಇದ್ದೇ ಇರುತ್ತಾನೆ, ನಾವು ಆಮೇಲೆ ಬಂದವರು. ಒಲೆ ಹೂಡುವ ಮೊದಲು ಅವನನ್ನು ಕೇಳಬೇಕು, ಪಂಚಮಿಗೆ ಕಲ್ಲಿಗೆ ಹಾಲು, ಎಳನೀರಿನ ತನು ಎರೆಯಬೇಕು. ಮರುಭೂಮಿಯಲ್ಲಿ ಎಂಥ ನಾಗ ಎಂದು ಅಪ್ಪ ತಮಾಷೆ ಮಾಡಿದರು. ಹಾಗಾದರೆ ಮೆಟ್ಟಿಲ ಹತ್ತಿರ ಬಂದವ ಯಾರು ಎಂದು ಅಮ್ಮ ಕೇಳಿದಳು. ಅದಕ್ಕೂ ಮೊದಲು ಅಪ್ಪನೇ ಒಂದು ಎಡವಟ್ಟು ಮಾಡಿಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಕೆಲಸ ಕಲಿತ ಅಪ್ಪನಿಗೆ ಗಾಫ್ ಮರ ನೋಡಿದ ಕೂಡಲೇ ಗುರುತು ಸಿಕ್ಕಿತ್ತು, ಇದು ನಮ್ಮ ಬನ್ನಿ ಮರವೇ ಕಣೆ, ದಸರೆಗೆ ಎಲೆ ಹಂಚುತ್ತಾರಲ್ಲ, ಅದೇ ಎಂದು ಹೆಮ್ಮೆಯಿಂದ ಹೇಳಿಬಿಟ್ಟಿದ್ದರು. ಬನ್ನಿ ಮರ, ಅದರ ಹಿಂದೆ ಮರಳಿನಲ್ಲಿ ಅರ್ಧ ಹೂತು ನಿಂತ ಮೊಣಕಾಲೆತ್ತರದ ಒಂಟಿ ಕರಿಕಲ್ಲು, ಸುತ್ತ ಯಾರೂ ಏನೂ ಬೆಳೆಯದೆ ಬಿಟ್ಟ ಜಾಗ. ಅಮ್ಮನಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ಪೂಜೆ ಪುನಸ್ಕಾರ ಏನಿದ್ದರೂ ಮನೆಯೊಳಗೆ, ಬಾಗಿಲು ಹಾಕಿಕೊಂಡು, ಇಲ್ಲವೇ ಬರ್ ದುಬೈಯ ದೇವಸ್ಥಾನದ ಗಲ್ಲಿಗೆ ಹೋದಾಗ ಎಂದು ಅಪ್ಪ ಮೊದಲೇ ಹೇಳಿದ್ದರು. ಅಮ್ಮ ಈ ಮಾತನ್ನು ಮೀರಲಿಲ್ಲ, ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಳು. ಕಲ್ಲಿನ ಮೂರು ಕಡೆಗೆ ಖರ್ಜೂರದ ಗರಿಯ ತಟ್ಟಿ ಕಟ್ಟಿ, ಕೋಳಿಗಳು ಕರಿಬೇವು ಕೆದರದ ಹಾಗೆ ಅಂತ ಎಲ್ಲರಿಗೂ ಹೇಳಿದಳು. ಗೋಡೆ ಇದ್ದ ಮೇಲೆ ಅದು ಮನೆಯೊಳಗೇ ಆಯಿತಲ್ಲ. ಮೇಲಿಂದ ಒಂದು ಮಲ್ಲಿಗೆ ಬಳ್ಳಿ ಹಬ್ಬಿಸಿದಳು. ಗಾಳಿ ಬೀಸಿದಾಗಲೆಲ್ಲ ಮರಳು ಬಂದು ಕಲ್ಲನ್ನು ಮುಚ್ಚುತ್ತಿತ್ತು, ಅಮ್ಮ ತೆಂಗಿನ ಗೆರಟೆಯಿಂದ ಗೋರಿ ತೆಗೆಯುತ್ತಿದ್ದಳು. ಪಂಚಮಿಗೆ, ಷಷ್ಠಿಗೆ ಹಾಲು, ಅರಸಿನ. ನಾನು ಕಾವಲು ಕೂರುತ್ತಿದ್ದೆ, ಯಾರಾದರೂ ಬಂದರೆ ಕೆಮ್ಮುವುದು ನನ್ನ ಕೆಲಸ. ಅವಳು ಮಂತ್ರ ಹೇಳುತ್ತಿರಲಿಲ್ಲ. ತುಳುವಿನಲ್ಲಿ, ಪಕ್ಕದ ಮನೆಯವರ ಹತ್ತಿರ ಮಾತಾಡುವಷ್ಟೇ ಸಲೀಸಾಗಿ ಒಂದು ಮಾತು ಕೇಳುತ್ತಿದ್ದಳು. ಏನು ಕೇಳಿದೆ ಎಂದರೆ ನನ್ನ ಕೂದಲು ಸರಿ ಮಾಡಿ ಒಳಗೆ ಹೋಗುತ್ತಿದ್ದಳು.

ಸಂಜೆ ಅಪ್ಪ ಮಜ್ಲಿಸಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಗಂಡಸರ ಆ ಬೈಠಕ್ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಜಾಗವಿಲ್ಲ, ಆದರೆ ಚಿಕ್ಕವರನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕಂಬಳಿಯ ಅಂಚಿನಲ್ಲಿ ಕೂತು ಖರ್ಜೂರ ತಿನ್ನುತ್ತಾ ನಾನು ಆ ತೋಟದ ಹುಟ್ಟಿನ ಕತೆಯನ್ನು ಎಷ್ಟು ಸಲ ಕೇಳಿದ್ದೇನೋ. ಅಬೂ ಮತರ್‌ಗೆ ಗಹ್ವಾ ಕಾಫಿಯ ಬಟ್ಟಲು ಕೈಗೆ ಬಂದರೆ ಸಾಕು, ಕತೆ ಶುರುವಾಗುತ್ತಿತ್ತು. ಈ ನೆಲ ಕೊಂಡದ್ದಲ್ಲ, ಅಪ್ಪನಿಂದ ಬಂದದ್ದೂ ಅಲ್ಲ, ಕೊಟ್ಟದ್ದು. ಆಗ ಆಳುತ್ತಿದ್ದ ಶೇಖ್ ಅವರ ಮುಂದೆ ಜನ ನೆಲದ ಮೇಲೆ ಕೂತು ತಮಗೆ ಬೇಕಾದ್ದನ್ನು ಕೇಳಬಹುದಿತ್ತಂತೆ. ಒಂಟೆ ಮೇಯಿಸಿಕೊಂಡಿದ್ದ ಇವರು ಒಂದು ಬಾವಿ ಕೇಳಿದರು. ಬಾವಿ ಮಾತ್ರ ಯಾಕೆ, ನೆಲವನ್ನೂ ತಗೋ, ಎಷ್ಟನ್ನು ಹಸಿರಾಗಿಡುತ್ತೀಯೋ ಅಷ್ಟು ನಿನ್ನದು ಎಂದು ಮಾತು ಬಂತು. ಕಾಗದ ಆಮೇಲೆ ಎಂದೋ ಆಯಿತು, ಆ ದಿನ ಆದದ್ದು ಬರೀ ಮಾತು. ಶೇಖ್ ಅವರ ಕಡೆಯವನೊಬ್ಬ ಒಂಟೆಯ ಮೇಲೆ ಮುಂದೆ, ಇವರು ನಡೆದುಕೊಂಡು ಹಿಂದೆ. ಬೆಟ್ಟದಿಂದ ತಂದ ಕರಿಕಲ್ಲನ್ನು ಒಂದೊಂದು ಮೂಲೆಗೂ ನೆಟ್ಟರು. ನೆಟ್ಟ ಕಲ್ಲಿನ ಬುಡಕ್ಕೆಲ್ಲ ಅಬೂ ಮತರ್ ತಮ್ಮ ತೊಗಲಿನ ಚೀಲದಿಂದ ಕುಡಿಯುವ ನೀರು ಸುರಿದರು. ಒಂಟೆಯ ಮೇಲಿದ್ದವನು ನಕ್ಕನಂತೆ, ಈಗ ಸುರಿದರೆ ಮಧ್ಯಾಹ್ನ ಏನು ಕುಡಿಯುತ್ತೀಯ ಎಂದು. ಈ ಭಾಗಕ್ಕೆ ಬಂದಾಗ ಮುದುಕರು ಬಟ್ಟಲು ಕೆಳಗಿಟ್ಟು ಯಾವಾಗಲೂ ಅದೇ ಮಾತು ಹೇಳುತ್ತಿದ್ದರು.

“ಮೊದಲು ನೆಲ ಕುಡಿಯಬೇಕು. ಆಮೇಲೆ ಮನುಷ್ಯ.”

ಮಜ್ಲಿಸಿನ ಕತೆಯನ್ನು ಅಮ್ಮ ಕೇಳಿರಲಿಲ್ಲ. ತಟ್ಟಿಯ ಹಿಂದೆ ಏನಿದೆಯೆಂದು ಅಪ್ಪ ಇಣುಕಿ ನೋಡಿರಲಿಲ್ಲ, ನೋಡದಿದ್ದರೆ ಜಗಳವಿಲ್ಲ ಎಂಬುದು ಅವರ ಸಂಸಾರದ ಸೂತ್ರ. ಎರಡನ್ನೂ ಬಲ್ಲವಳು ನಾನೊಬ್ಬಳೇ, ಆದರೆ ಎರಡೂ ಒಂದೇ ಕಲ್ಲು ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಒಂದು ಕಲ್ಲು ಕತೆಯಲ್ಲಿತ್ತು, ಇನ್ನೊಂದು ಹಿತ್ತಲಲ್ಲಿತ್ತು.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಒಂದು ಚಳಿಗಾಲ ತೋಟದಾಚೆ ಹೊಸ ರಸ್ತೆ ಬರುತ್ತದೆಂದಾಯಿತು. ಎಲ್ಲ ತೋಟಗಳನ್ನೂ ಮತ್ತೆ ಅಳೆಯಲು ಮೂರು ಕಾಲಿನ ಯಂತ್ರ ಹಿಡಿದು ಜನ ಬಂದರು. ನೆಲದವರು ತಮ್ಮ ಮೂಲೆಕಲ್ಲುಗಳನ್ನು ತೋರಿಸಬೇಕಿತ್ತು. ಅಬೂ ಮತರ್ ಕೋಲೂರಿಕೊಂಡು, ಮಗ ಮತರನನ್ನು ಹಿಂದಿಟ್ಟುಕೊಂಡು ಹೊರಟರು. ಉಳಿದ ಕಲ್ಲುಗಳೆಲ್ಲ ಸಿಕ್ಕಿದವು. ಗಾಫ್ ಮರದ ಮೂಲೆಯದು ಸಿಗಲಿಲ್ಲ. ಮುದುಕರಿಗೆ ಕಣ್ಣು ಮಂಜಾಗಿತ್ತು, ಮರಳು ಗುಡ್ಡೆ ಜಾಗ ಬದಲಿಸಿತ್ತು, ಆ ಮೂಲೆಯಲ್ಲಿ ಕಾಣುತ್ತಿದ್ದದ್ದು ನಮ್ಮ ಕೋಳಿಗಳು, ತಟ್ಟಿ, ಮಲ್ಲಿಗೆ. ಹೆಂಗಸರ ಹಿತ್ತಲೆಂದು ಅವರು ತಟ್ಟಿಯ ಹತ್ತಿರ ಸುಳಿಯಲೂ ಇಲ್ಲ, ಮರದ ಇನ್ನೊಂದು ಬದಿಯಲ್ಲಿ ಕೋಲಿನಿಂದ ಮರಳು ತಿವಿಯುತ್ತಾ ಅಲೆದರು. ಅಳತೆಯವರು ಗೌರವದಿಂದಲೇ ಹೇಳಿದರು: ಇವತ್ತು ಕಲ್ಲು ಸಿಗದಿದ್ದರೆ ಗೆರೆ ಮರದಿಂದ ಒಳಗೆ, ಬಾವಿಯ ಈಚೆಗೆ ಬರುತ್ತದೆ. ಅಂದರೆ ಮರ, ಬಾವಿ, ನಮ್ಮ ಮನೆ ಮೂರೂ ರಸ್ತೆಗೆ ಹೋಗುತ್ತವೆ.

ಅಪ್ಪ ಇದನ್ನು ಕೇಳಿಕೊಂಡು ಅಡುಗೆಮನೆಗೆ ಬಂದರು. ಆ ದಿನ ಅವರಿಗೆ ರಜೆ, ಹಿಂದಿನ ದಿನ ಅಬುಧಾಬಿಗೆ ಹೋದವರು ಅಲ್ ಮೀನಾದ ಮೀನು ಮಾರ್ಕೆಟಿನಿಂದ ಬಂಗುಡೆ ತಂದಿದ್ದರು, ಅಮ್ಮ ಅದಕ್ಕೆ ಮಸಾಲೆ ಅರೆಯುತ್ತಿದ್ದಳು. ಬೆಟ್ಟದ ಕರಿಕಲ್ಲಂತೆ, ಮೊಣಕಾಲೆತ್ತರವಂತೆ, ಮರದ ಬುಡದಲ್ಲಿತ್ತಂತೆ ಎಂದು ಅಪ್ಪ ಹೇಳುತ್ತಿದ್ದ ಹಾಗೆ ಅಮ್ಮನ ಕೈ ನಿಂತಿತು. ಅವಳು ಅಪ್ಪನ ಮುಖ ನೋಡಿದಳು, ಅಪ್ಪ ತಟ್ಟಿಯ ಕಡೆ ನೋಡಿದರು. ಸಂಸಾರದ ಸೂತ್ರ ಅಲ್ಲಿಗೆ ಹರಿಯಿತು.

“ಅದಕ್ಕೆ ಎಂತ ಮಾಡಿದ್ದಿ ನೀನು?”

“ಅರಸಿನ ಹಾಕಿದ್ದೇನೆ. ಹಾಲು ಎರೆದಿದ್ದೇನೆ. ಮೊನ್ನೆ ಷಷ್ಠಿಗೂ.”

ಅಪ್ಪ ಬೆವರಿದ್ದನ್ನು ನಾನು ಚಳಿಗಾಲದಲ್ಲಿ ನೋಡಿದ್ದು ಅದೊಂದೇ ಸಲ. ದನಿ ತಗ್ಗಿಸಿ ಒಂದೇ ಸಮನೆ ಬೈದರು. ಇದು ಯಾರ ದೇಶ, ಯಾರ ನೆಲ, ಅವರ ಧರ್ಮದಲ್ಲಿ ಕಲ್ಲಿಗೆ ಕೈ ಮುಗಿಯುವುದೆಂದರೆ ಏನು ಗೊತ್ತುಂಟಾ, ಗೊತ್ತಾದರೆ ಮನೆ ಮಾತ್ರ ಅಲ್ಲ, ಕೆಲಸ, ವೀಸಾ ಎಲ್ಲ ಖಲಾಸ್ ಎಂದರು. ಬಾಯಿ ಮುಚ್ಚಿ ಕೂತರೆ ಹೋಗುವುದು ಮನೆಯೊಂದೇ, ಅಲ್ ಐನಿನಲ್ಲಿ ಫ್ಲ್ಯಾಟ್ ನೋಡಿಕೊಳ್ಳುವಾ ಎಂದರು. ಅಮ್ಮ ನೀರಿನ ಚೆಂಬು ತೆಗೆದುಕೊಂಡು ಹಿತ್ತಲಿಗೆ ಹೋದಳು. ತೊಳೆದು ತೋರಿಸುವುದೆಂದು ನಾವಿಬ್ಬರೂ ಅಂದುಕೊಂಡೆವು. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು, ಚೆಂಬು ಎತ್ತಿದಳು, ಹಾಗೆಯೇ ಕೆಳಗಿಟ್ಟಳು.

“ತೊಳೆದು ತೋರಿಸಿದ್ರೆ ಸುಳ್ಳು ಹೇಳಿದ ಹಾಗೆ ಆಗ್ತದೆ. ಆ ಅಜ್ಜ ಅಲ್ಲಿ ಬಿಸಿಲಲ್ಲಿ ಹುಡುಕ್ತಾ ಇದ್ದಾರೆ. ನಂಗೆ ಆಗುದಿಲ್ಲ.”

ಸೆರಗನ್ನು ತಲೆಗೆ ಎಳೆದುಕೊಂಡು ಹೊರಟೇಬಿಟ್ಟಳು. ನಾನು ಹಿಂದೆ ಓಡಿದೆ. ಕೆಮ್ಮಬೇಕೋ ಬೇಡವೋ ತಿಳಿಯದೆ ನನಗೆ ಅಳು ಬಂದಿತ್ತು. ನನ್ನ ಕರಿಬೇವು, ನನ್ನ ಆಡುಮರಿ, ಬಲಾಲೀತ್ ತಟ್ಟೆ, ಎಲ್ಲ ಇವತ್ತಿಗೆ ಮುಗಿಯಿತು ಎನ್ನುವಷ್ಟು ಮಾತ್ರ ಅರ್ಥವಾಗಿತ್ತು. ಗಂಡಸರ ಗುಂಪಿನ ಮುಂದೆ ನಿಂತು ಅಮ್ಮ ತನ್ನ ಹರುಕು ಹಿಂದಿಯಲ್ಲಿ, ಬಾಬಾ ಆವೋ, ಪತ್ತರ್ ಹೈ ಎಂದಳು. ಮುದುಕರ ಮುಖ ಅರಳಿತು. ಅಮ್ಮ ತಾನೇ ಒಂದು ಬದಿಯ ತಟ್ಟಿಯನ್ನು ಕಿತ್ತು ಪಕ್ಕಕ್ಕಿಟ್ಟಳು. ಕಲ್ಲು ಅಲ್ಲಿತ್ತು, ಹಳದಿಯಾಗಿ, ನೆತ್ತಿಯ ಮೇಲೆ ಒಣಗಿದ ಮಲ್ಲಿಗೆ, ಬುಡದಲ್ಲಿ ಹಾಲಿನ ಕಲೆ. ಅಳತೆಯವರಲ್ಲೊಬ್ಬ ಮುಖ ತಿರುಗಿಸಿ ದೇವರ ಹೆಸರು ಹೇಳಿಕೊಂಡ. ಮತರ್ ಅಮ್ಮನನ್ನೂ ತನ್ನ ಅಪ್ಪನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. ನಮ್ಮಪ್ಪ ಮನೆಯ ಮೂಲೆಗೆ ಕೈ ಊರಿ ನಿಂತಿದ್ದರು.

“ಇದು ಏನು ಉಮ್ ಶೈಲಾ?”

“ಬಾಬಾ, ನಾವು ಹೊರಗಿನವರು. ಬೇರೆಯವರ ಜಾಗದಲ್ಲಿ ಕೂರುವ ಮೊದಲು ಜಾಗದವನ ಹತ್ತಿರ ಕೇಳುವುದು ನಮ್ಮ ಕ್ರಮ. ನಾನು ಕೇಳಿದ್ದು.”

“ಜಾಗದವನು ನಾನಲ್ಲವಾ?”

“ನಿಮಗಿಂತ ಮೊದಲಿನವನ ಹತ್ತಿರ.”

ಅಬೂ ಮತರ್ ಕೋಲನ್ನು ಮತರನ ಕೈಗೆ ಕೊಟ್ಟು ಮೆಲ್ಲಗೆ ನೆಲಕ್ಕೆ ಕೂತರು. ನನಗಿಂತ ಮೊದಲಿನವನು ಒಬ್ಬನೇ, ಅವನಿಗೆ ಕಲ್ಲಿಲ್ಲ ಎಂದರು, ಸಿಟ್ಟಿಲ್ಲದ ದನಿಯಲ್ಲಿ. ಅಮ್ಮ ಬಿಟ್ಟುಹೋಗಿದ್ದ ಚೆಂಬು ಅಲ್ಲೇ ಇತ್ತು. ಅದನ್ನೆತ್ತಿ ಕಲ್ಲಿನ ಮೇಲೆ ನೀರು ಸುರಿದು, ಬೇರೆ ಯಾರ ಕೈಗೂ ಬಿಡದೆ ತಮ್ಮ ಅಂಗೈಯಿಂದಲೇ ಉಜ್ಜಿದರು. ಹಳದಿ ನೀರು ಬುಡಕ್ಕಿಳಿದು ಮರಳಿನಲ್ಲಿ ಇಂಗಿತು. ಮಲ್ಲಿಗೆಯನ್ನು ಎಸೆಯಲಿಲ್ಲ, ಬಳ್ಳಿಯ ಬುಡಕ್ಕೆ ಇಟ್ಟರು. ಆಮೇಲೆ ಕಲ್ಲಿನ ಸುತ್ತ ಒಂದು ಹಿಡಿಯೂ ಮರಳು ನಿಲ್ಲದ ಹಾಗೆ ಗೋರಿ ಇಟ್ಟಿದ್ದನ್ನು ಬೆರಳಿನಿಂದ ಸವರಿ ನೋಡಿದರು.

“ಕಲ್ಲಿಗೆ ಇನ್ನು ಏನೂ ಬೇಡ. ಮರಕ್ಕೆ ನೀರು ಹಾಕು.”

ಅಳತೆಯವರು ಗುರುತು ಹಾಕಿಕೊಂಡು ಹೋದರು. ಮರ, ಬಾವಿ, ಮನೆ ತೋಟದೊಳಗೇ ಉಳಿದವು. ಆದರೆ ನಾವು ಉಳಿದೆವೋ ಇಲ್ಲವೋ ಯಾರೂ ಹೇಳಲಿಲ್ಲ. ಮರುದಿನ ಅಮ್ಮ ಕಳಿಸಿದ ನೀರುದೋಸೆಯ ತಟ್ಟೆ ವಾಪಸು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಪ್ಪ ಆಸ್ಪತ್ರೆಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದು ಚಾವಡಿಯಲ್ಲಿ ಒಟ್ಟಿದರು. ಅಮ್ಮ ಅವುಗಳ ಕಡೆ ನೋಡುತ್ತಿರಲಿಲ್ಲ. ದಿನಾ ಸಂಜೆ ಒಂದು ಬಕೆಟ್ ನೀರನ್ನು ಗಾಫ್ ಮರಕ್ಕೆ ಹಾಕುತ್ತಿದ್ದಳು, ಹೇಳಿದಷ್ಟು ಮಾಡುತ್ತೇನೆ ಎಂಬ ಹಠದಲ್ಲಿ. ನಾನು ಪೆಟ್ಟಿಗೆಯೊಳಗೆ ಕೂತು ಅಳುತ್ತಿದ್ದೆ. ಆ ವಾರ ಕಳೆಯುವಾಗ ಉಮ್ ಮತರ್ ತಾವೇ ಬಂದರು, ಏದುಸಿರು ಬಿಡುತ್ತಾ, ಸೆರಗಿನಂಥ ಕಪ್ಪು ಬಟ್ಟೆಯ ಮರೆಯಲ್ಲಿ ತಟ್ಟೆ ಹಿಡಿದು. ಅವರಿಗೆ ಜ್ವರ ಬಂದಿತ್ತಂತೆ, ಅಷ್ಟೇ ವಿಷಯ. ಬಲಾಲೀತ್ ಕೆಳಗಿಟ್ಟು ಪೆಟ್ಟಿಗೆಗಳನ್ನು ನೋಡಿ, ಇವೆಲ್ಲ ಏನು ಎಂದು ಕೈಯಲ್ಲೇ ಕೇಳಿದರು. ಅಪ್ಪ ಏನೂ ತೋಚದೆ, ಕೋಳಿಗೂಡಿಗೆ ಎಂದರು. ನಮ್ಮ ಕೋಳಿಗಳು ಆ ವರ್ಷವೆಲ್ಲ ಔಷಧ ಕಂಪನಿಯ ಪೆಟ್ಟಿಗೆಗಳಲ್ಲಿ ಮೊಟ್ಟೆ ಇಟ್ಟವು.

ಆ ಮನೆಯಲ್ಲಿ ನಾನು ಶಾಲೆ ಮುಗಿಸುವವರೆಗೂ ಇದ್ದೆವು. ಅಮ್ಮ ಮತ್ತೆ ಕಲ್ಲನ್ನು ಮುಟ್ಟಲಿಲ್ಲ, ಸಂಜೆಯ ಬಕೆಟನ್ನು ಒಂದು ದಿನವೂ ತಪ್ಪಿಸಲಿಲ್ಲ. ನೀರು ಹಾಕುವಾಗ ಅವಳ ತುಟಿ ಅಲ್ಲಾಡುತ್ತಿದ್ದದ್ದನ್ನು ಅಬೂ ಮತರ್ ದೂರದಿಂದ ನೋಡಿ ಹಾಗೇ ತೋಟದ ಕಡೆ ತಿರುಗುತ್ತಿದ್ದರು. ಅಪ್ಪ ಕೆಲಸ ಮುಗಿಸಿ ಊರಿಗೆ ಹೊರಟ ದಿನ ಮುದುಕರು ಕಾರಿನ ತನಕ ಬಂದು, ನನ್ನ ತಲೆಯ ಮೇಲೆ ಕೈಯಿಟ್ಟು, ಮರದ ಕಡೆ ತಿರುಗಿ ನಿಂತರು. ಆ ಬೆನ್ನು ನನಗೆ ಈಗಲೂ ಕಾಣುತ್ತದೆ.

ಈಗ ನಾನು ಮತ್ತೆ ಈ ದೇಶದಲ್ಲೇ ಇದ್ದೇನೆ, ಬರ್ ದುಬೈಯ ಏಳನೆಯ ಮಹಡಿಯಲ್ಲಿ, ನಂಬರ್ ಇರುವ ಮನೆಯಲ್ಲಿ. ಅಪ್ಪ ಇಲ್ಲ. ಅಮ್ಮ ನನ್ನ ಜೊತೆಗಿದ್ದಾಳೆ, ಮಂಡಿನೋವು ಮತ್ತು ಅಭಿಪ್ರಾಯಗಳೊಂದಿಗೆ. ಹೋದ ಚಳಿಗಾಲದಲ್ಲಿ ಮತರ್ ಫೋನ್ ಮಾಡಿದ. ತಂದೆ ತೀರಿಕೊಂಡು ವರ್ಷಗಳಾದವು, ತಾಯಿಯೂ ಹೋದರು, ಅಣ್ಣತಮ್ಮಂದಿರಿಗೆ ಪಾಲಾಗಿ ತೋಟ ತುಂಡಾಯಿತು, ಎಲ್ಲರೂ ಸೇರಿ ಮಾರಿದ್ದೇವೆ, ವಿಲ್ಲಾಗಳು ಬರುತ್ತವೆ, ಮುಂದಿನ ವಾರ ಕೀ ಕೊಡಬೇಕು, ಅದಕ್ಕೆ ಮೊದಲು ನಿನ್ನ ತಾಯಿಯನ್ನು ಒಮ್ಮೆ ಕರೆದುಕೊಂಡು ಬಾ ಎಂದ. ಹೋದೆವು. ನಮ್ಮ ಮನೆ ಇರಲಿಲ್ಲ, ಬಾವಿಗೆ ಮುಚ್ಚಳ ಬಿದ್ದಿತ್ತು, ಖರ್ಜೂರದ ಮರಗಳನ್ನು ಕಿತ್ತು ಲಾರಿಗೇರಿಸುತ್ತಿದ್ದರು. ಗಾಫ್ ಮರವನ್ನು ಕಡಿಯಲು ಕಾನೂನು ಬಿಡುವುದಿಲ್ಲ, ಹಾಗಾಗಿ ಅದೊಂದು ನಿಂತಿತ್ತು, ಬುಡದಲ್ಲಿ ಕಲ್ಲು. ಅದರ ಪಕ್ಕ ಒಂದು ಬಕೆಟ್ ನೀರು ತುಂಬಿಸಿಟ್ಟಿತ್ತು. ಮತರನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ನಿಂತ ನಿಲುವು ಥೇಟ್ ಅವನ ಅಪ್ಪನದೇ.

ನೀವು ಹೋದ ಸಂಜೆಯಿಂದ ನನ್ನ ಅಪ್ಪ ತಾನೇ ಈ ಮರಕ್ಕೆ ನೀರು ಹಾಕಲು ಶುರುಮಾಡಿದ ಎಂದು ಮತರ್ ಅಮ್ಮನಿಗೆ ಹೇಳಿದ. ಆಳುಗಳಿದ್ದರೂ ಬಿಡುತ್ತಿರಲಿಲ್ಲ, ಕೈ ನಡುಗುವಾಗಲೂ ಬಿಡಲಿಲ್ಲ. ಯಾಕೆ ಎಂದು ಕೇಳಿದರೆ ಒಂದೇ ಉತ್ತರ.

“ಉಮ್ ಶೈಲಾ ಹೋದಳು, ಇನ್ನು ನಾವೇ ಕೇಳಬೇಕು ಅನ್ನುತ್ತಿದ್ದ. ಏನು ಕೇಳುವುದು ಅಂತ ನನಗೆ ಹೇಳಲೇ ಇಲ್ಲ.”

ಅಮ್ಮ ಬಾಗಿ ಬಕೆಟ್ ಎತ್ತಲು ನೋಡಿದಳು, ಮಂಡಿ ಬಿಡಲಿಲ್ಲ. ಅಷ್ಟು ವರ್ಷ ನನಗೆ ಹೇಳದ್ದನ್ನು ಅವನಿಗೆ ಹೇಳಿದಳು, ತನ್ನ ಅದೇ ಹರುಕು ಹಿಂದಿಯಲ್ಲಿ.

“ನಾವು ಇಲ್ಲಿ ಇರಬಹುದಾ ಅಂತ. ಅಷ್ಟೇ.”

ಮತರ್ ಲಾರಿಗಳ ಕಡೆ ಒಮ್ಮೆ ನೋಡಿದ. ಆಮೇಲೆ ಬಕೆಟ್ ಎತ್ತಿಕೊಂಡು ಮರದ ಬುಡಕ್ಕೆ ನಿಧಾನವಾಗಿ ನೀರು ಸುರಿದ. ಅವನ ತುಟಿ ಅಲ್ಲಾಡಿತು, ನನಗೆ ಕೇಳಿಸಲಿಲ್ಲ. ಖಾಲಿ ಬಕೆಟ್ ಹಿಡಿದು ಅಲ್ಲೇ ನಿಂತುಬಿಟ್ಟ. ನಾನು ಅಮ್ಮನನ್ನು ಕಾರಿಗೆ ಹತ್ತಿಸಿ ಬೆಲ್ಟು ಹಾಕಿದೆ. ಡಾಂಬರು ಸಿಗುವವರೆಗೂ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

“ನಾವು ಬರುವಾಗ ಕೇಳಿದ್ದು,” ಎಂದಳು. “ಪಾಪ, ಅವ ಹೋಗುವಾಗ ಕೇಳಿದ.”